ಕೈ ಬಿಡುವ ಮುನ್ನ

"ನೀವು ಸುಳ್ಳು ಹೇಳ್ತೀರಾ?"

ಬಾಗಿಲು ಬೆರಳಷ್ಟು ತೆರೆದಿತ್ತು. ಆ ಸಂದಿನಲ್ಲಿ ಒಂದು ಕಣ್ಣು, ಅರ್ಧ ತುಟಿ, ಬಾಚದ ಕೂದಲಿನ ಒಂದು ಎಳೆ. ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ ಕಾರ್ಯಕರ್ತೆ ಆ ಕಣ್ಣಿನ ಕಡೆ ಬಾಗಿದಳು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಮನೆಗಳಿಗೆ ಹೋಗಿ ಜೊತೆಯಲ್ಲಿ ಕೂರುವುದು ಅವಳ ಕೆಲಸ. ಈ ಮನೆಗೆ ಎಷ್ಟೋ ಸಲ ಬಂದು, ಮುಚ್ಚಿದ ಬಾಗಿಲಿನ ಎದುರು ಬಿಸಿಲಿನ ಬಗ್ಗೆ, ಬಸ್ಸಿನ ನೂಕುನುಗ್ಗಲಿನ ಬಗ್ಗೆ ನಾಲ್ಕು ಮಾತಾಡಿ ಎದ್ದುಹೋಗಿದ್ದಳು. ಒಳಗಿನಿಂದ ಮಾತು ಬಂದದ್ದು ಇದೇ ಮೊದಲು.

"ಹೇಳ್ತೀನಿ," ಎಂದಳು. "ನಮ್ಮತ್ತೆ ಅಡುಗೆ ಚೆನ್ನಾಗಿದೆ ಅಂತ ದಿನಾ ಹೇಳ್ತೀನಿ. ಅವರೂ ನಂಬ್ತಾರೆ, ಪಾಪ."

ಸಂದಿನ ಕಣ್ಣು ಕಿರಿದಾಯಿತು. ಅದು ನಗುವೋ ಅನುಮಾನವೋ ತಿಳಿಯಲಿಲ್ಲ. ಬಾಗಿಲು ಮಾತ್ರ ಮುಚ್ಚಲಿಲ್ಲ.

ಒಳಗಿದ್ದವಳು ಈಜು ಟೀಚರ್. ಊರಿನ ಅರ್ಧ ಹೆಂಗಸರು ನೀರಿಗೆ ಹೆದರದಿದ್ದರೆ ಅದು ತನ್ನ ತಂಗಿಯಿಂದಲೇ ಎಂದು ಅವಳ ಅಣ್ಣ ಎದೆಯುಬ್ಬಿಸಿ ಹೇಳುತ್ತಿದ್ದ. ಹಿಂದಿನ ವರ್ಷ ನಿದ್ದೆ ಅವಳನ್ನು ಬಿಟ್ಟುಹೋಯಿತು. ಆಮೇಲೆ ನೀರು ಅವಳೊಡನೆ ಮಾತಾಡತೊಡಗಿತು. ಮೊದಮೊದಲು ಕೊಳದಲ್ಲಿ, ಬರಬರುತ್ತ ಬಕೆಟ್ಟಿನಲ್ಲಿ, ಕುಡಿಯುವ ಲೋಟದಲ್ಲಿ. ಅವಳು ಲೋಟಕ್ಕೆ ಕಿವಿಗೊಟ್ಟು ನಗುವುದನ್ನು ಕಂಡು ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆ ಸೇರಿದಳು. ಅಣ್ಣನಿಗೆ ಕೈಕಾಲೇ ಆಡಲಿಲ್ಲ. ಅಪ್ಪ ಅಮ್ಮ ಹೋದಮೇಲೆ ಆ ತಂಗಿಯನ್ನು ತಲೆ ಬಾಚಿ, ಉಣ್ಣಿಸಿ ಬೆಳೆಸಿದವನು ಅವನು. "ಹೊಸ ಈಜುಕೊಳ ಕಟ್ಟಿದ್ದಾರಂತೆ, ನೋಡ್ಕೊಂಡು ಬರೋಣ ಬಾ ಪುಟ್ಟಿ" ಎಂದು ಕಾರು ಹತ್ತಿಸಿದ. ಕಾರು ನಿಂತದ್ದು ಆಸ್ಪತ್ರೆಯ ಅಂಗಳದಲ್ಲಿ. ವಾರ್ಡಿನಲ್ಲಿ ಬಟ್ಟೆ ಬದಲಿಸಲು ಹೋದ ನರ್ಸ್ ಒಂದು ಗಳಿಗೆ ಹಾಗೇ ನಿಂತುಬಿಟ್ಟಳಂತೆ. ಅಂಗಿಯ ಒಳಗೆ ಈಜುಡುಗೆ ತೊಟ್ಟುಕೊಂಡೇ ಬಂದಿದ್ದಳು ಟೀಚರ್.

ಮಾತ್ರೆಗಳು ಕೆಲಸ ಮಾಡಿದವು. ನೀರು ಸುಮ್ಮನಾಯಿತು. ಮನೆಗೆ ಮರಳಿದ ಅವಳೂ ಸುಮ್ಮನಾದಳು. ಅತ್ತಿಗೆ ಕೊಟ್ಟರೆ ಮಾತ್ರೆ ನುಂಗುವಳು, ಅಣ್ಣನ ಕೈಯಿಂದ ತೊಟ್ಟು ನೀರನ್ನೂ ಮುಟ್ಟಳು. ಅವನು ಕೋಣೆಯೊಳಗೆ ಬಂದರೆ ಗೋಡೆಗೆ ತಿರುಗುವಳು.

"ಆ ವಾರ್ಡಲ್ಲಿ ನಾನೂ ಇದ್ದೆ, ತುಂಬಾ ಹಿಂದೆ," ಎಂದಳು ಕಾರ್ಯಕರ್ತೆ ಸಂದಿನ ಕಣ್ಣಿಗೆ. "ನನ್ನನ್ನ ಚಿಕ್ಕಪ್ಪ ಕರ್ಕೊಂಡು ಹೋಗಿದ್ರು, ಮದುವೆಗೆ ಅಂತ ಹೇಳಿ. ನಾನು ರೇಷ್ಮೆ ಉಟ್ಕೊಂಡಿದ್ದೆ."

ಬಾಗಿಲು ಇನ್ನೊಂದು ಬೆರಳಷ್ಟು ಸರಿಯಿತು.

"ನಿಮ್ಮನ್ನ ಎಲ್ಲಿಗೆ ಕರೆದ್ರೂ ಎಲ್ಲಿಗೆ ಅಂತ ಮೊದಲೇ ಹೇಳ್ತೀನಿ ಟೀಚರ್. ಕೇಳೋಕೆ ಹಿತವಾಗಿಲ್ದಿದ್ರೂ."

"ಹೇಳೋದು ಎಲ್ಲರೂ ಹೇಳ್ತಾರೆ."

"ಅದೂ ನಿಜ. ನೋಡ್ತಾ ಇರಿ."

ಟೀಚರ್ ನೋಡುತ್ತಲೇ ಇದ್ದಳು. ಕಾರ್ಯಕರ್ತೆ ಮಂಗಳವಾರ ಬರುತ್ತೇನೆಂದರೆ ಮಂಗಳವಾರ ಬಂದಳು. ಒಮ್ಮೆ ಬರಲಾಗದಿದ್ದಾಗ ಮಗುವಿಗೆ ಜ್ವರವೆಂದು ಮುಂಚೆಯೇ ಫೋನ್ ಮಾಡಿದಳು. ಬೀದಿಯ ತಿರುವಿನ ತನಕ ಎಂದು ಹೊರಟ ದಿನ ತಿರುವಿನಲ್ಲೇ ನಿಂತು ಹಿಂದೆ ಬಂದರು, ಟೀಚರಿಗೇ ಇನ್ನೂ ನಾಲ್ಕು ಹೆಜ್ಜೆ ಹಾಕಬೇಕೆನಿಸಿದ್ದರೂ. ಹೀಗೆ ಹೋಗುತ್ತ ಬರುತ್ತ ಒಂದು ಮಧ್ಯಾಹ್ನ ಟೀಚರೇ ಕೇಳಿದಳು, "ಕೊಳಕ್ಕೆ ಹೋಗೋಣ್ವಾ?"

ಅದು ಹಳೆಯ ಕಟ್ಟಡ. ಛಾವಣಿಯ ಗಾಜಿನಿಂದ ಇಳಿದ ಬಿಸಿಲು ನೀರಿಗೆ ತಾಗಿ ಮತ್ತೆ ಮೇಲೇರಿ, ಗೋಡೆಯ ಮೇಲೆಲ್ಲ ಬೆಳಕಿನ ಬಲೆ ಹರಡಿಕೊಂಡು ನಿಧಾನವಾಗಿ ತೂಗುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿ ಇನ್ಯಾರೂ ಇರಲಿಲ್ಲ. ಆಡಿದ ಮಾತು ಕೊಳದ ಆ ತುದಿಗೆ ಹೋಗಿ, ಯೋಚನೆ ಮಾಡಿ, ಹಿಂದಿರುಗಿ ಬರುತ್ತಿತ್ತು. ಟೀಚರ್ ಬಗ್ಗಿ ನೀರಿಗೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು.

"ಏನೂ ಹೇಳ್ತಾ ಇಲ್ಲ," ಎಂದಳು. ಅವಳ ದನಿಯಲ್ಲಿ ನೆಮ್ಮದಿಯೂ ಇತ್ತು, ಏನನ್ನೋ ಕಳೆದುಕೊಂಡ ಬೇಸರವೂ ಇತ್ತು. ಆಮೇಲೆ ಕಾರ್ಯಕರ್ತೆಯ ಕಡೆ ತಿರುಗಿದಳು. "ಇಳೀರಿ."

"ಅಯ್ಯೋ, ನನಗೆ ಈಜು ಬರಲ್ಲ!"

"ಬರೋರಿಗೆ ನಾನ್ಯಾಕೆ ಬೇಕು?"

ಬಾಡಿಗೆಯ ಸಡಿಲ ಈಜುಡುಗೆಯಲ್ಲಿ ಕಾರ್ಯಕರ್ತೆ ಕಂಬಿ ಹಿಡಿದು ಇಳಿದಳು. ಹಲ್ಲು ಕಟಕಟ ಎನ್ನುತ್ತಿತ್ತು. ಟೀಚರ್ ಅವಳನ್ನು ಮಗುವಿನಂತೆ ಅಂಗಾತ ಮಲಗಿಸಿ, ಬೆನ್ನಿಗೆ ಒಂದು ಕೈ, ತಲೆಗೆ ಒಂದು ಕೈ ಕೊಟ್ಟಳು. "ಹೇಳದೆ ಕೈ ಬಿಡಲ್ಲ," ಎಂದಳು. "ಮೇಲೆ ನೋಡಿ. ಕತ್ತು ಬಿಗಿ ಹಿಡೀಬೇಡಿ." ಕಿವಿ ಮುಳುಗಿದೊಡನೆ ಜಗತ್ತು ದೂರ ಸರಿಯಿತು. ಗಾಜಿನಾಚೆ ಒಂದು ಮೋಡ ತನ್ನ ಪಾಡಿಗೆ ಕರಗುತ್ತಿತ್ತು. "ತಲೆ ಕೆಳಗಿನ ಕೈ ತೆಗೀತೀನಿ," ಎಂಬ ಮಾತು ಇನ್ನೊಂದು ಮನೆಯಿಂದ ಬಂದ ಹಾಗೆ ಕೇಳಿತು. ಇನ್ನೂ ಆಚೆಯಿಂದ, "ಈಗ ಬೆನ್ನಿಂದು." ಕಾರ್ಯಕರ್ತೆ ಕಾದಳು. ಮುಳುಗಲಿಲ್ಲ. ಎಷ್ಟೋ ವರ್ಷಗಳಿಂದ ಎಲ್ಲರ ಭಾರಕ್ಕೆ ಹೆಗಲು ಕೊಟ್ಟವಳು ತನ್ನ ಭಾರವನ್ನು ಮೊದಲ ಸಲ ಬೇರೆಲ್ಲೋ ಇಟ್ಟಂತೆ ಸುಮ್ಮನೆ ಮಲಗಿದ್ದಳು.

ಚಳಿಗಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಅಣ್ಣನ ಫೋನ್ ಬಂತು. "ಮೇಡಂ, ಬೇಗ ಬನ್ನಿ."

ಮನೆಯ ತುಂಬ ನೀರು. ಎಲ್ಲ ನಲ್ಲಿಗಳೂ ತೆರೆದಿದ್ದವು. ಅತ್ತಿಗೆ ಒಂದೊಂದಾಗಿ ಮುಚ್ಚುತ್ತ ಓಡಾಡುತ್ತಿದ್ದಳು. ಒದ್ದೆ ನೆಲದಲ್ಲಿ ಕಿಟಕಿ, ಕಿಟಕಿಯೊಳಗಿನ ಆಕಾಶ ತಲೆಕೆಳಗಾಗಿ ನಡುಗುತ್ತಿದ್ದವು. ಟೀಚರ್ ಕೆಲವು ವಾರಗಳಿಂದ ಮಾತ್ರೆಗಳನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದಳಂತೆ. "ಟಬ್ಬಲ್ಲಿ ಮುಖ ಮುಳುಗಿಸ್ಕೊಂಡು ಕೂರ್ತಾಳೆ ಮೇಡಂ, ಉಸಿರು ಕಟ್ಟೋ ತನಕ," ಎಂದ ಅಣ್ಣ. ಅವನ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು. "ಡಾಕ್ಟರು ತಡ ಮಾಡ್ಬೇಡಿ, ಕರ್ಕೊಂಡು ಬನ್ನಿ ಅಂದ್ರು. ನೀವು ಕೊಳಕ್ಕೆ ಅಂತ ಹೇಳಿ ಸಾಕು. ನಿಮ್ಮ ಮಾತು ಮೀರಲ್ಲ. ಒಂದೇ ಒಂದು ಸಲ."

ಬಚ್ಚಲುಮನೆಯಲ್ಲಿ ಟೀಚರ್ ಟಬ್ಬಿನ ಪಕ್ಕ ಕೂತಿದ್ದಳು. ತಲೆಯಿಂದ ನೀರು ಇಳಿಯುತ್ತಿತ್ತು. ಮುಖದಲ್ಲಿ ಎಂಥ ಕಾಂತಿಯೆಂದರೆ, ಕಾರ್ಯಕರ್ತೆಗೆ ತನ್ನ ಹಳೆಯ ದಿನಗಳು ನೆನಪಾದವು.

"ಬಂದ್ರಾ! ಕೊಳಕ್ಕೆ ಹೋಗೋಣ್ವಾ?" ಎನ್ನುತ್ತ ಅವಳು ಎದ್ದೇ ಬಿಟ್ಟಳು.

ಹೂಂ ಎಂದರೆ ಸಾಕಿತ್ತು. ಹೂಂ ಎನ್ನದೆ, ಸುಮ್ಮನೆ ಕೈ ಚಾಚಿದ್ದರೂ ಸಾಕಿತ್ತು. ಬೆನ್ನಿನ ಹಿಂದೆ ಅಣ್ಣನ ಉಸಿರು ಕೇಳುತ್ತಿತ್ತು.

"ಇಲ್ಲ ಟೀಚರ್," ಎಂದಳು ಕಾರ್ಯಕರ್ತೆ. "ಆಸ್ಪತ್ರೆಗೆ."

ಕಾಂತಿ ಒಮ್ಮೆಲೇ ಆರಿತು. "ನೀನೂ ಅವರ ಪೈಕೀನೇ!" ಎಂದು ಕೂಗಿ ಟೀಚರ್ ಬಾಗಿಲು ನೂಕಿ ಮುಚ್ಚಿದಳು. ಅದರ ಚಿಲಕವನ್ನು ಅಣ್ಣ ಯಾವತ್ತೋ ಕಿತ್ತುಹಾಕಿದ್ದ. ಒಳಗಿನಿಂದ ಬಾಗಿಲಿಗೇ ಬೆನ್ನು ಕೊಟ್ಟು ಕೂತಳು.

"ಸಿಕ್ತಲ್ಲ, ಸತ್ಯ ಹೇಳಿದ್ದಕ್ಕೆ ಬಹುಮಾನ!" ಅಣ್ಣ ಹಲ್ಲು ಕಚ್ಚಿ ಬಾಗಿಲಿಗೆ ಕೈ ಹಾಕಿದ.

ಕಾರ್ಯಕರ್ತೆ ಆ ಕೈಯನ್ನು ಹಿಡಿದಳು. "ಬೆನ್ನು ಬಾಗಿಲಿಗಿದೆ. ಅಲ್ಲಿಗೆ ಮುಖ ನೀರಲ್ಲಿಲ್ಲ. ಉಸಿರು ಕೇಳಿಸ್ತಿದೆ ನನಗೆ. ಏನಾದ್ರೂ ವ್ಯತ್ಯಾಸ ಆದ್ರೆ ಇಬ್ಬರೂ ತಳ್ಳೋಣ." ಎಂದವಳೇ ಹೊರಗಿನಿಂದ ತಾನೂ ಅದೇ ಬಾಗಿಲಿಗೆ ಬೆನ್ನು ಕೊಟ್ಟು ನೀರಿನಲ್ಲೇ ಕೂತಳು. ಹಲಗೆಯ ಮೂಲಕ ಒಳಗಿನ ನಡುಕ ಅವಳ ಬೆನ್ನಿಗೆ ತಾಗುತ್ತಿತ್ತು. ಅವಳಿಗೂ ಹೆದರಿಕೆಯಾಗಿತ್ತು. ತಾನು ಈಗ ಮಾಡಿದ್ದು ಸರಿಯೇ, ಒಂದು ಜೀವವನ್ನು ಒಂದು ಮಾತಿಗೆ ಪಣವಿಟ್ಟೆನೇ ಎಂದು ತನ್ನನ್ನೇ ಕೇಳಿಕೊಂಡಳು. ಅಣ್ಣ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಅವನೂ ಗೋಡೆಗೊರಗಿ ಕುಸಿದ. ಅತ್ತಿಗೆ ಕೊನೆಯ ನಲ್ಲಿಯನ್ನು ಮುಚ್ಚಿದಳೇನೋ, ಮನೆಯೆಲ್ಲ ನಿಶ್ಶಬ್ದವಾಯಿತು. ಬಿಸಿಲು ಕಿಟಕಿಯಿಂದ ನೆಲದ ನೀರಿಗೆ ಇಳಿಯಿತು. ಹೊತ್ತು ಎಷ್ಟು ಹೋಯಿತೋ.

"ಬೀಗ ಹಾಕ್ತಾರಾ?" ಒಳಗಿನಿಂದ ಸಣ್ಣ ದನಿ.

"ವಾರ್ಡಿಗೆ ಹಾಕ್ತಾರೆ."

"ಎಷ್ಟು ದಿನ?"

"ಗೊತ್ತಿಲ್ಲ ಟೀಚರ್. ಬೇಗ ಅಂತ ಹೇಳೋಕೆ ಆಸೆ ಇದೆ. ಆದ್ರೆ ಗೊತ್ತಿಲ್ಲ."

"ಸೂಜಿ?"

"ಚುಚ್ಚಬಹುದು. ಯಾತಕ್ಕೆ ಅಂತ ಕೇಳಿ. ನಾನೂ ಪಕ್ಕದಲ್ಲಿದ್ದು ಕೇಳ್ತೀನಿ. ನಾಳೆ ಮಧ್ಯಾಹ್ನ ಬರ್ತೀನಿ."

ಒಳಗೆ ಅಳು ಬಂತು, ನಿಂತಿತು, ಮತ್ತೆ ಬಂತು. "ನೀರು ಎಷ್ಟು ಚೆನ್ನಾಗಿ ಮಾತಾಡ್ತಿತ್ತು ಗೊತ್ತಾ," ಎಂದಳು ಟೀಚರ್.

"ಗೊತ್ತು."

ಕಾರ್ಯಕರ್ತೆಯ ಬೆನ್ನಿಗೆ ಬಾಗಿಲು ಹಗುರಾಯಿತು. ಟೀಚರ್ ಹೊರಗೆ ಬಂದು ಯಾರನ್ನೂ ನೋಡದೆ ಕೋಣೆಗೆ ಹೋದಳು. ಅತ್ತಿಗೆ ತಲೆ ಒರೆಸಿದಳು. ಬಟ್ಟೆಗಳನ್ನು ಟೀಚರ್ ತಾನೇ ಆರಿಸಿ, ಮಡಚಿ, ಚೀಲಕ್ಕೆ ತುಂಬಿದಳು. ಒಂದು ಅಂಗಿ ಜಾರಿ ಬಿದ್ದಾಗ ಎತ್ತಿಕೊಡಲು ಯಾರನ್ನೂ ಬಿಡಲಿಲ್ಲ. ಹೊಸ್ತಿಲಲ್ಲಿ ನಿಂತು, ಅಣ್ಣನ ಕಡೆ ನೋಡದೆ, ಕಾರ್ಯಕರ್ತೆಗೆ ಹೇಳಿದಳು, "ಅವರು ಗಾಡಿ ಓಡಿಸಲಿ. ಹಿಂದೆ ತಿರುಗಿ ನೋಡೋ ಹಾಗಿಲ್ಲ."

ಅಣ್ಣ ನೋಡಲಿಲ್ಲ. ಕನ್ನಡಿಯನ್ನೂ ಅವಳು ಕಾಣದಂತೆ ತುಸು ಓರೆಯಾಗಿ ತಿರುಗಿಸಿಕೊಂಡ. ಬೀದಿಗಳು ಕನಸಿನಲ್ಲಿ ಕಂಡವುಗಳ ಹಾಗೆ ಸದ್ದಿಲ್ಲದೆ ಹಿಂದೆ ಸರಿದವು. ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು, ಯಾರೋ ಏಣಿ ಹತ್ತಿ ಗಾಜು ಒರೆಸುತ್ತಿದ್ದರು. ನಾಲ್ಕು ದಾರಿ ಕೂಡುವಲ್ಲಿ ಅವನು ಗಾಡಿ ನಿಧಾನಿಸಿದ. ಕಣ್ಣು ಮಂಜಾಗಿತ್ತು. ದಾರಿ ಗೊತ್ತಿದ್ದೂ ಕೈ ಎತ್ತ ತಿರುಗಿಸಬೇಕೆಂದು ತಿಳಿಯದೆ ನಿಂತಿತು. ಹಿಂದಿದ್ದವರು ಹಾರ್ನ್ ಹೊಡೆದರು.

"ಎಡಕ್ಕೆ, ಅಣ್ಣ," ಎಂದಳು ಟೀಚರ್.

ಅವನು ಎಡಕ್ಕೆ ತಿರುಗಿಸಿದ.

ಆಸ್ಪತ್ರೆಯಲ್ಲಿ ಅವಳ ಪ್ರಶ್ನೆಗಳಿಗೆ ಡಾಕ್ಟರು ಉತ್ತರ ಹೇಳಿದರು. ಕಾರ್ಯಕರ್ತೆ ಪಕ್ಕದಲ್ಲೇ ನಿಂತಿದ್ದಳು. ವಾರ್ಡಿನ ಬಾಗಿಲು ಮುಚ್ಚಿದ ಮೇಲೆ ತಿರುಗಿ ನೋಡಿದರೆ ಅಣ್ಣ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಅವಳೂ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ನರ್ಸ್ ತಲೆ ಹೊರಹಾಕಿದಳು.

"ಈಜು ಟೀಚರ್ ಅಣ್ಣ ಯಾರು? ಬಾಚಣಿಗೆ ಮರೆತು ಬಂದಿದ್ದಾರಂತೆ. ನಾಳೆ ನಿಮಗೇ ತರೋಕೆ ಹೇಳಿದ್ರು."

"ಬಾಚಣಿಗೆ," ಎಂದ ಅವನು, ಮೊದಲ ಸಲ ಕೇಳಿದ ಪದವೆಂಬಂತೆ. ಎದ್ದ. "ದೊಡ್ಡ ಹಲ್ಲಿಂದು. ಸಣ್ಣದ್ರಲ್ಲಿ ಅವಳಿಗೆ ಸಿಕ್ಕು ಬಿಡಲ್ಲ." ನರ್ಸ್ ಆಗಲೇ ಒಳಗೆ ಹೋಗಿದ್ದಳು. ಅವನು ಮೊಗಸಾಲೆಯ ಉದ್ದಕ್ಕೂ ನಡೆದು ಹೋದ. ನೆನೆದ ಚಪ್ಪಲಿಯ ಗುರುತುಗಳು ಬಿಸಿಲು ಬಿದ್ದ ನೆಲದ ಮೇಲೆ ಸಾಲಾಗಿ ಮೂಡಿ, ಅಂಚಿನಿಂದ ಮೆಲ್ಲಗೆ ಒಣಗತೊಡಗಿದವು.