ಯೋಗ್ಯಳಲ್ಲ ಎಂದು ಬರೆದ ಕಾಗದ

ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮಥುರಾಬಾಯಿಯ ಮಗಳು ಪ್ರಮಿಲಾ ಒಬ್ಬಳಿಗೇ ಕಿವಿ ಕೇಳಿಸುತ್ತಿರಲಿಲ್ಲ. ಅವಳಿಗಾಗಿಯೇ ನಜಮುನ್ನಿಸಾ ಎಂಬ ಹೆಚ್ಚಿನ ಶಿಕ್ಷಕಿಯೊಬ್ಬಳಿದ್ದಳು. ಪಾಟಿಯ ಮೇಲೆ ಕೊಡದ ಚಿತ್ರ ಬಿಡಿಸಿ, ಕೆಳಗೆ ಹೆಸರು ಬರೆದು, ಹುಡುಗಿಯ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಆ ಶಬ್ದ ನುಡಿಯುತ್ತಿದ್ದಳು. ಎರಡು ವರ್ಷದಲ್ಲಿ ಪ್ರಮಿಲಾ ಬಾಯಿಬಿಟ್ಟು ಓದತೊಡಗಿದಳು, ಬರೆಯತೊಡಗಿದಳು.

ನಿಜಾಮರ ಆಳ್ವಿಕೆ ಮುಗಿದು ಎರಡು ತಿಂಗಳಾಗಿತ್ತು. ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಸಾಹೇಬ ಆ ಹುದ್ದೆಯನ್ನೇ ತೆಗೆದುಹಾಕಿ, ನಜಮುನ್ನಿಸಾಳನ್ನು ಜೇವರ್ಗಿಗೆ ವರ್ಗ ಮಾಡಿದ. ಒಬ್ಬ ಹುಡುಗಿಗೊಬ್ಬ ಶಿಕ್ಷಕಿ ಎಂದರೆ ಸರ್ಕಾರಕ್ಕೆ ಪೂರೈಸುವುದಿಲ್ಲ ಎಂದ.

ಮಥುರಾಬಾಯಿ ಮಗಳ ಕೈಹಿಡಿದು ಶಾಲೆಗೆ ಹೋದಳು. ಕಿವುಡಿ ಏನು ಕಲಿತಾಳು ಎಂದು ಸಾಹೇಬ ಕೇಳಿದ. ಪ್ರಮಿಲಾ ನಾಲ್ಕು ಸಾಲು ದುಂಡಗೆ ಬರೆದು ತೋರಿಸಿದಳು. ಹಾಗಾದರೆ ಕಲಿತಾಯಿತಲ್ಲ, ಇನ್ನು ಶಿಕ್ಷಕಿ ಯಾಕೆ ಎಂದ.

ಮಥುರಾಬಾಯಿಯ ಮೈಯೆಲ್ಲ ಉರಿದುಹೋಯಿತು. “ಓದು ಬರದಿದ್ರ ದಂಡ ಅಂತೀರಿ, ಬಂದ್ರ ಸಾಕು ಅಂತೀರಿ. ನನ್ನ ಮಗಳು ಕಲಿಯೋದು ಯಾವಾಗ್ರಿ?”

ಜೇವರ್ಗಿಯಲ್ಲಿ ಅವಳ ಅಕ್ಕ ಲೀಲಾಬಾಯಿಯ ಮನೆಯಿತ್ತು. ಮಗಳನ್ನು ಅಲ್ಲೇ ಶಾಲೆಗೆ ಹಾಕುತ್ತೇನೆ, ಈ ಶಾಲೆ ಬಿಟ್ಟ ದಾಖಲೆ ಕೊಡಿ ಎಂದಳು. ಸಾಹೇಬ ಬರೆದುಕೊಟ್ಟ.

ಮಥುರಾಬಾಯಿಗೆ ಓದು ಬಾರದು. ಕಾಗದ ಓದಿದ್ದು ಪ್ರಮಿಲಾ. ಒಂದು ಶಬ್ದದ ಮೇಲೆ ಬೆರಳಿಟ್ಟು, ಶಾಲೆಯಲ್ಲೇ ಸಾಮಾನು ಕಟ್ಟುತ್ತಿದ್ದ ನಜಮುನ್ನಿಸಾಳ ಮುಖ ನೋಡಿದಳು. ಅದು ಅವಳು ಕಲಿಯದ ಶಬ್ದ. ಯಾವ ಶಬ್ದವನ್ನಾದರೂ ಕೈಸನ್ನೆಯಲ್ಲಿ ತಿಳಿಸುತ್ತಿದ್ದ ಶಿಕ್ಷಕಿ ಆಗ ಕೈ ಎತ್ತಲಿಲ್ಲ. ತಾಯಿ ಬಿಡದೆ ಕೇಳಿದ ಮೇಲೆ ಮೆಲ್ಲಗೆ ಓದಿದಳು: “ಕಿವುಡಿ. ಕಲಿಯಲು ಯೋಗ್ಯಳಲ್ಲ.”

ಮಥುರಾಬಾಯಿ ಕಾಗದವನ್ನು ಸಾಹೇಬನ ಮೇಜಿನ ಮೇಲೆಯೇ ಹರಿದು ಹಾಕಿದಳು. ದಾಖಲೆಯಿಲ್ಲದೆ ಯಾವ ಶಾಲೆಯೂ ಸೇರಿಸಿಕೊಳ್ಳದು ಎಂದು ಅವನು ಗದರಿದ.

“ಮತ್ತೊಂದು ಬರೀರಿ. ಕಲಿಸೋರನ್ನ ನಾವೇ ತೆಗದೇವಿ ಅಂತ ಬರೀರಿ. ಅಲ್ಲೀತನಕ ನಾ ಏಳಂಗಿಲ್ಲ.”

ಬಾಗಿಲಿಗೆ ಅಡ್ಡ ಕುಳಿತಳು. ಗಂಡ ಗೋವಿಂದ ಬಂದು ಕರೆದರೂ ಏಳಲಿಲ್ಲ. ಇಳಿಹೊತ್ತಿಗೆ ಸಾಹೇಬ, ಹುಡುಗಿ ಶಾಲೆ ಬಿಟ್ಟದ್ದು ಶಿಕ್ಷಕಿಯ ವರ್ಗಾವಣೆಯಿಂದಾಗಿ ಎಂದು ಬರೆದು ಕಾಗದ ಎಸೆದ. ಅವಳು ಅದನ್ನು ಮಗಳಿಂದ ಓದಿಸಿ ಖಾತ್ರಿ ಮಾಡಿಕೊಂಡೇ ಎದ್ದಳು.

ಪ್ರಮಿಲಾ ಜೇವರ್ಗಿಯಲ್ಲಿ ಕಲಿತಳು. ಮಥುರಾಬಾಯಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಅಫಜಲಪುರದಲ್ಲಿ ಆ ಹುದ್ದೆ ಮತ್ತೆ ಬರಲೇ ಇಲ್ಲ. ತನಗಾದರೆ ಅಕ್ಕನ ಮನೆಯಿತ್ತು. ಇಲ್ಲದವರ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಕಂಡಕಂಡವರನ್ನೆಲ್ಲ ಕೇಳುತ್ತಲೇ ಇದ್ದಳು.