ಊರದ ಕಾಲು

ಕಾದ ಕಬ್ಬಿಣದ ವಾಸನೆ, ಅಂಗಳದ ಒಲೆಯ ಕಡೆಯಿಂದ, ಸ್ನಾನದ ನೀರು ಇಳಿಸಿದ ಮೇಲೆ ಆ ಒಲೆಯಲ್ಲಿ ಕಬ್ಬಿಣಕ್ಕೇನು ಕೆಲಸ — ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಬುಟ್ಟಿಯ ನೀರಿಗೆ ಮೈಲುತುತ್ತ ಕಲಸುತ್ತಿದ್ದ ಲುಂಬಿನಿ ಕತ್ತೆತ್ತಿದಳು, ಮಾವ ವಿಠೋಬಾ ಕುಕ್ಕರಗಾಲಲ್ಲಿ ಕೂತು ಕೆಂಡ ಊದುತ್ತಿದ್ದಾರೆ, ಕೆಂಡದಲ್ಲಿ ಅವಳದೇ ಕುಡುಗೋಲು, ಮೇವು ಕೊಯ್ಯುವುದು, ತುದಿ ಆಗಲೇ ಕೆಂಪು. ಓಹೋ, ಬರೆ. ಮರಕ್ಕೆ ಕಟ್ಟಿದ ಆಕಳು ಚಂದ್ರಿಗೆ ಬರೆ. ಟೊಂಕ ಹಿಡದದ ಅದಕ್ಕ, ನಿನ್ನೆಯಿಂದ ಮಾವನದು ಅದೇ ರಾಗ, ನಮ್ಮಪ್ಪನ ಕಾಲದಿಂದ ಹಿಂಗೇ ಮಾಡ್ಕೋತ ಬಂದೀವಿ, ನೀ ಏನ್ ಹೇಳ್ತಿ ನನಗ. ಹೇಳುತ್ತಾಳೆ, ಯಾಕೆ ಹೇಳಬಾರದು, ಸೊಂಟಕ್ಕೆ ಏನೂ ಆಗಿಲ್ಲ, ಕಾಲು ನೋಡಿ, ಹಿಂದಿನ ಬಲಗಾಲು, ನೆಲಕ್ಕಿಂತ ಬೆರಳಗಲ ಮೇಲೆ ನಿಂತಿದೆ, ಊರಲು ಹೋಗುತ್ತದೆ, ಮತ್ತೆ ಎತ್ತುತ್ತದೆ. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದವಳು ಅವಳು, ಮಾವನಲ್ಲ. ಸೇಡಂನಿಂದ ಬಂದ ದನದ ಡಾಕ್ಟರ್ ಹರಿಪ್ರಿಯಾ ಅಂದಿದ್ದರು, ಮೂಗಿಗಿ ಸೆರಗ ಹಚ್ಚಬ್ಯಾಡ್ರಿ, ಮೂಸಿ ನೋಡ್ರಿ, ಆ ನಾತನೇ ಹೇಳ್ತದ — ಎರಡು ಗೊರಸಿನ ನಡುವೆ ಚರ್ಮ ಬಿರಿದು, ಬೆಳ್ಳಗೆ ಕೊಳೆತು, ಮೇಲೆಲ್ಲ ಊದಿ, ಸತ್ತ ಇಲಿಯ ನಾತ, ಬಗ್ಗಿ ಮೂಸಿದಳು. ತೊಳೆದು, ಕೊಳೆತದ್ದು ತೆಗೆದು, ಇಂಜೆಕ್ಷನ್ ಕೊಟ್ಟು ಹೊರಟ ಡಾಕ್ಟರಬಾಯಿ ಕೊಟ್ಟಿಗೆಯ ನೆಲ ನೋಡಿ ನಿಂತಿದ್ದರು, ಇದರ ಮ್ಯಾಲ ಕಟ್ಟಬ್ಯಾಡ್ರಿ, ಒಣಾ ಜಾಗಾದಾಗ ಕಟ್ರಿ, ದಿನಾ ಮೈಲುತುತ್ತದ ನೀರಾಗ ಕಾಲ ಇಡಸ್ರಿ, ಹಾಲು ನಾ ಹೇಳೋತನಕ ಡೇರಿಗಿ ಹಾಕಬ್ಯಾಡ್ರಿ, ಗುಣ ಆಗ್ಲಿಕ್ಕ ಸ್ವಲ್ಪ ತಡೀಬೇಕ್ರಿ.

ಆ ನೆಲ! ಶಹಾಬಾದಿನ ಪರಸಿ ಕಲ್ಲು, ಗಂಡ ಜೈಭೀಮ ತಾನು ಕೆಲಸ ಮಾಡುವ ಪಾಲಿಶ್ ಕಾರ್ಖಾನೆಯಿಂದ ತಂದು ಹಾಸಿದ್ದು, ಇಡೀ ಕುರಕುಂಟಾ ಊರಲ್ಲೇ ಇಂಥ ಕೊಟ್ಟಿಗೆ ಇಲ್ಲವೆಂದು ಮೀಸೆ ತಿರುವಿದ್ದು — ನುಣುಪೇನೋ ನುಣುಪು, ಆದರೆ ಸಂದಿಯಲ್ಲಿ ಗಂಜಳ ನಿಂತು, ದಿನಾ ತೊಳೆದ ನೀರು ನಿಂತು, ಗೊರಸು ನೆನೆದು ನೆನೆದು ಮೆತ್ತಗಾಯಿತು. ಕೀಳುತ್ತಾಳೆ, ಒಂದೊಂದೇ ಕಲ್ಲು ಹಾರೆ ಹಾಕಿ ಕೀಳುತ್ತಾಳೆ, ಅವನು ಮುಖ ಊದಿಸಿದರೆ ಊದಿಸಲಿ. ಮೊದಲಿದ್ದ ಆಕಳು ಕೆಂಪಿಯೂ ಹೀಗೇ ಕುಂಟಿತ್ತು, ಅವಳು ಈ ಮನೆಗೆ ಬಂದ ವರ್ಷದ ಮಳೆಗಾಲ, ಕೊಟ್ಟಿಗೆ ತುಂಬ ಕೆಸರು, ಆಗಲೂ ಟೊಂಕ, ಆಗಲೂ ಕುಡುಗೋಲು, ಸುಟ್ಟ ಕೂದಲ ಹೊಗೆ, ಆ ಕೂಗು, ಅಯ್ಯೋ ಆ ಕೂಗು, ಬರೆ ಮಾಯಿತು, ಗೊರಸು ಕಳಚಿ ಬಿತ್ತು, ಕೆಂಪಿ ಮತ್ತೆ ಏಳಲಿಲ್ಲ. ಅದರ ಕಾಲೂ ಹೀಗೇ ನೆಲಕ್ಕಿಂತ ಬೆರಳಗಲ ಮೇಲೆ.

ಮಾವ ಎದ್ದರು, ಕುಡುಗೋಲಿನ ಹಿಡಿಗೆ ಹಸಿ ಗೋಣಿ ಸುತ್ತಿದ್ದಾರೆ, ಹಗ್ಗ ಹಿಡಿ ಲುಂಬಿನಿ. ಹಿಡಿಯಂಗಿಲ್ರಿ ಮಾವಾ. ಏನಂದಿ? ಹಿಡಿಯಂಗಿಲ್ಲ, ಬರಿ ಹಾಕೋದಿದ್ರ ಮೊದಲ ನನಗ ಹಾಕ್ರಿ — ಬಾಯಿಂದ ಬಂದೇಬಿಟ್ಟಿತು, ಬರಲಿ, ಅವಳ ಕಾಲು ಕದಲುವುದಿಲ್ಲ, ಆಕಳಿಗೂ ಮಾವನಿಗೂ ನಡುವೆ ನಿಂತಾಗಿದೆ, ಬೆನ್ನಿಗೆ ಚಂದ್ರಿಯ ಬಿಸಿ ಹೊಟ್ಟೆ ತಾಗುತ್ತಿದೆ. ತಲಿ ಕೆಟ್ಟದೇನ್ ನಿನಗ, ಸರಿ ಅತ್ಲಾಗ. ಸರಿಯಂಗಿಲ್ಲ. ಪಾದದಿಂದಲೇ ಬುಟ್ಟಿ ಹಿಂದಕ್ಕೆ ತಳ್ಳಿದಳು, ಬಗ್ಗಿ ಚಂದ್ರಿಯ ಕಾಲು ಹಿಡಿದಳು, ಬಾ ನಮ್ಮವ್ವ, ಇಡು, ನೀಲಿ ನೀರಿನ ಮೇಲೆ ಬೆರಳಗಲ ನಿಂತ ಕಾಲು, ಇಳಿಯಿತು, ಎತ್ತಿತು, ಕುಡುಗೋಲಿನ ಕೆಂಪು ಕಪ್ಪಾಗುತ್ತ ಬಂತು, ಮಾವ ಅದನ್ನು ಮತ್ತೆ ಕೆಂಡಕ್ಕಿಡಲಿಲ್ಲ, ಅವರೂ ಆ ಕಾಲನ್ನೇ ನೋಡುತ್ತಿದ್ದಾರೆ, ಇಳಿಯಿತು, ನೀರು ಅಲುಗಿತು, ಕಾಲು, ನೀಲಿ ನೀರಲ್ಲಿ ಕಾಲು, ಎತ್ತಲಿಲ್ಲ, ಚಂದ್ರಿ ಕಾಲು ಎತ್ತಲಿಲ್ಲ.