ಖಂಡೇನವಮಿಯ ಅತಿಥಿಗಳು

ನಾನೊಂದು ಲೇತ್ ಮಷೀನು. ಹುಟ್ಟಿದ್ದು ರಾಜಕೋಟದ ಫೌಂಡ್ರಿಯಲ್ಲಿ. ಬಾಳಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ. ನನ್ನನ್ನು ನಡೆಸುತ್ತಿದ್ದವನು ಮೌನೇಶ ಬಡಿಗೇರ. ದಿನಾ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಸ್ವಿಚ್ ಒತ್ತುತ್ತಿದ್ದ. ಮಾಲೀಕರು ಬೇರೆ ಇದ್ದರು. ಅವರ ಬೂಟುಗಳಷ್ಟೇ ನನಗೆ ಪರಿಚಯ.

ಪಂಪುಗಳಿಗೆ ಗಿರಾಕಿ ಕಡಿಮೆಯಾಗಿ, ತಯಾರಾದ ಮಾಲು ಗೋದಾಮಿನಲ್ಲೇ ಧೂಳು ತಿನ್ನತೊಡಗಿತು. ಯಾರನ್ನು ಕೆಲಸದಿಂದ ತೆಗೆಯುತ್ತಾರೋ ಎಂದು ಎಲ್ಲರೂ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಮೌನೇಶನಿಗಂತೂ ಐವತ್ತು ದಾಟಿದ ಆ ವಯಸ್ಸಿನಲ್ಲಿ ಬೇರೆಲ್ಲೂ ಕೆಲಸ ಸಿಗುವಂತಿರಲಿಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು, ನಮಗೆಲ್ಲ ಪೂಜೆಯಾಗುವ ದಿನ. ಈ ಸಲ ಪರವೂರಿನ ಅತಿಥಿಗಳು ಬರುತ್ತಾರೆ, ಮಷೀನುಗಳು ಲಕಲಕ ಹೊಳೆಯಬೇಕು ಎಂದರು ಮ್ಯಾನೇಜರ್ ಹುಯಿಲಗೋಳ ಸಾಹೇಬರು. ಹೊಸ ಆರ್ಡರ್ ಕೊಡುವವರೇ ಇರಬೇಕೆಂದು ಜನ ಹಿಗ್ಗಿದರು. ಮೌನೇಶ ಸೀಮೆಎಣ್ಣೆಯಿಂದ ನನ್ನ ಮೈ ತಿಕ್ಕಿ, ತಾನೇ ಹಸಿರು ಬಣ್ಣ ತಂದು ಬಳಿದ. ಕುಂಕುಮವಿಟ್ಟು ಚೆಂಡುಹೂವಿನ ಮಾಲೆ ಹಾಕಿದ.

ಆರತಿಯಾಯಿತು. ಅತಿಥಿಗಳು ಕೈ ಮುಗಿಯಲಿಲ್ಲ. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸುವ ಹಾಗೆ ಮಾಲೆ ಸರಿಸಿ ನನ್ನ ಗೇರಿನ ಹಲ್ಲು ನೋಡಿದರು. ಹಳೆಯ ಮಷೀನು ಕೊಳ್ಳುವ ದಲ್ಲಾಳಿಗಳು ಅವರು. ಥೂ, ಮಾರುವುದಕ್ಕೂ ಒಂದು ಪೂಜೆ ಬೇಕಿತ್ತೇ?

ಸಾಹೇಬರು ಮೌನೇಶನನ್ನು ಪಕ್ಕಕ್ಕೆ ಕರೆದರು.

"ಎಲ್ಲಾ ಮಷೀನು ಚಾಲೂ ಮಾಡಿ ಅವರಿಗೆ ತೋರಸು. ಮಂದಿ ತಗಿಯೂದದ. ನಿನ್ನ ಮಾತ್ರ ಇಟಗೋತೀವಿ."

ಮೌನೇಶ ತೋರಿಸಿದ. ಜೊತೆಯವರ ಮಷೀನುಗಳನ್ನು ಅವರ ಕಣ್ಣೆದುರೇ ತಿರುಗಿಸಿದ. ಒಬ್ಬ ಹಿರಿಯ ಕೆಲಸಗಾರ ಬಾಯಲ್ಲಿದ್ದ ಪ್ರಸಾದವನ್ನು ಅಲ್ಲೇ ಉಗುಳಿದ. ಕೊನೆಗೆ ನನ್ನ ಸರದಿ. ಮೌನೇಶ ಅಂದು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆಯೇ ಸ್ವಿಚ್ ಒತ್ತಿದ. ಎಲ್ಲವೂ ಮಾರಾಟವಾದವು.

ಮರುದಿನ ದಸರೆ. ಸಾಹೇಬರಿಗೆ ಬನ್ನಿ ಎಲೆ ಕೊಟ್ಟು ನಮಸ್ಕರಿಸಿ, ನಾಳೆಯಿಂದ ಏನು ಕೆಲಸವೆಂದು ಕೇಳಲು ಮೌನೇಶ ಬಂದ. ನಮ್ಮನ್ನು ಆಗಲೇ ಲಾರಿಗೆ ಹೇರುತ್ತಿದ್ದರು.

"ಮಷೀನೇ ಉಳೀಲಿಲ್ಲ, ಇನ್ನ ನೀ ಏನ ನಡಸ್ತೀಪಾ?" ಎಂದರು ಸಾಹೇಬರು. ಆಮೇಲೆ ನಗುತ್ತಾ ತಾವೂ ಒಂದು ಎಲೆ ಅವನ ಕೈಗಿಟ್ಟರು. "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ."

ಕೊಂಡವರಿಗೂ ನಾನು ಬಹಳ ದಿನ ಬೇಕಾಗಲಿಲ್ಲ. ಈಗ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ತುಕ್ಕು ಹಿಡಿದದ್ದಕ್ಕೆ ಬೇಸರವಿಲ್ಲ, ಆ ದಸರೆಯ ದಿನ ನೆನೆದರೆ ಮಾತ್ರ ಇಂದಿಗೂ ಹೇಸಿಗೆಯಾಗುತ್ತದೆ. ಅಂದು ನನ್ನನ್ನು ಗೋಣಿತಾಟಿನಲ್ಲಿ ಸುತ್ತಿ, ಜೋಪಾನ ಜೋಪಾನ ಎನ್ನುತ್ತ ಗೇಟು ದಾಟಿಸಿದರು. ಅದೇ ಗೇಟಿನಲ್ಲಿ ಮೌನೇಶನನ್ನು ನಿಲ್ಲಿಸಿ, ಕಂಪನಿಯದೇನಾದರೂ ಕದ್ದೊಯ್ಯುತ್ತಿದ್ದಾನೋ ಎಂದು ಜೇಬು ತಡಕಿದರು. ಸಿಕ್ಕಿದ್ದು ಸಾಹೇಬರು ಕೊಟ್ಟ ಬನ್ನಿ ಎಲೆ.